ಕಿವಿಯನ್ನು ಬೈಯುವ ಮೊದಲು ಕುದುರೆ ನೋಡಿ

(ಕೊಪ್ಪಳದಲ್ಲಿ ಹೊಸದಾಗಿ ಪಿಟೀಲು ಹಿಡಿದ ಮಕ್ಕಳು ಮತ್ತು ಅವರ ಮನೆಯವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಈ ಮೇಜಿನ ಮೇಲೆ ಎರಡು ಪಿಟೀಲು ಇಟ್ಟಿದ್ದೇನೆ. ಎರಡನ್ನೂ ಒಂದೇ ಕಡೆ ಕೊಂಡಿದ್ದು. ಬೆಲೆಯೂ ಒಂದೇ, ಐದು ಸಾವಿರದ ಆಸುಪಾಸು. ಒಂದು ಪೆಟ್ಟಿಗೆಯಿಂದ ತೆಗೆದ ಹಾಗೇ ಇದೆ. ಇನ್ನೊಂದನ್ನು ಹಿಡಿದು ನಿನ್ನೆ ಸಂಜೆ ಎರಡು ತಾಸು ಕೂತಿದ್ದೆ. ಈಗ ಎರಡನ್ನೂ ಒಂದೇ ಕಮಾನಿನಿಂದ ನುಡಿಸಿ ತೋರಿಸಿದೆ. ಹಿಂದಿನ ಸಾಲಿನವರಿಗೂ ವ್ಯತ್ಯಾಸ ಗೊತ್ತಾಯಿತು, ಅಲ್ವಾ? ಮೊದಲನೆಯದು ಡಬ್ಬಿಯೊಳಗೆ ಕೂತು ಕೂಗಿದ ಹಾಗಿತ್ತು. ಎರಡನೆಯದು ಸಂಗೀತ ಕಛೇರಿಯ ವಾದ್ಯ ಅಂತ ನಾನು ಹೇಳೋದಿಲ್ಲ. ಆದರೆ ಅದರ ಮೇಲೆ ಒಂದು ಮಗು ಕೈ ನೋಯದೆ ಸರಳೆ ವರಸೆಯಂಥ ಮೊದಲ ಪಾಠ ಕಲಿಯಬಹುದು. ಆ ಎರಡು ತಾಸಿನಲ್ಲಿ ಏನೇನು ಮಾಡಿದೆ ಅನ್ನೋದೇ ಇವತ್ತಿನ ಮಾತು.

ಹೋದ ವರ್ಷ ಕುಷ್ಟಗಿ ಕಡೆಯ ಒಬ್ಬರು ಮಗಳನ್ನು ಕರೆದುಕೊಂಡು ನನ್ನ ಹತ್ತಿರ ಬಂದರು. ಪಿಟೀಲು ಮನೆಗೆ ಬಂದು ಮೂರೇ ದಿನ ಆಗಿತ್ತು. "ಸರ, ಇದು ಕೆಟ್ಟೈತ್ರಿ. ಎಷ್ಟ್ ಎಳದ್ರೂ ನಾದನ ಬರವಲ್ದು" ಅಂದರು. ನಾನು ಎಳೆದು ನೋಡಿದೆ. ನಿಜ, ಉಸಿರು ಬಿಟ್ಟ ಹಾಗೆ ಸದ್ದು, ಅಷ್ಟೇ. ಕಮಾನಿನ ಕೂದಲು ಬೆಳ್ಳಗೆ, ನುಣ್ಣಗೆ ಇತ್ತು. ಅದಕ್ಕೆ ರೋಸಿನ್ ಹಚ್ಚಿಯೇ ಇರಲಿಲ್ಲ. ಪೆಟ್ಟಿಗೆಯ ಮೂಲೆಯಲ್ಲಿದ್ದ ಚಿಕ್ಕ ಬಿಲ್ಲೆಯನ್ನು ಅವರು ಪಾಲಿಶ್ ಅಂದುಕೊಂಡಿದ್ದರು.

ಕಮಾನಿಗೆ ಕಟ್ಟುವುದು ಕುದುರೆಯ ಬಾಲದ ಕೂದಲು. ಬರೀ ಕೂದಲು ತಂತಿಯ ಮೇಲೆ ಜಾರಿಬಿಡುತ್ತದೆ. ರೋಸಿನ್ ಅಂದರೆ ಪೈನ್ ಮರದ ಅಂಟಿನಿಂದ ಮಾಡಿದ್ದು. ಅದರ ಪುಡಿ ಕೂತಾಗ ಕೂದಲು ತಂತಿಯನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗೆ ಹಿಡಿದು ಬಿಡುವುದೇ ನಾದ. ಹೊಸ ಬಿಲ್ಲೆ ಗಾಜಿನ ಹಾಗೆ ಹೊಳೆಯುತ್ತದೆ, ಹಾಗೇ ತಿಕ್ಕಿದರೆ ಪುಡಿ ಬರೋದಿಲ್ಲ. ನುಣುಪು ಸ್ಯಾಂಡ್‌ಪೇಪರಿನಿಂದ ಒಮ್ಮೆ ಗೀಚಿ, ಬೆಳ್ಳಗಾಗುತ್ತದೆ. ಆಮೇಲೆ ಕಮಾನನ್ನು ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ ತಿಕ್ಕಿ. ಹೊಸ ಕಮಾನಿಗೆ ಮೊದಲ ಸಲ ಹತ್ತು ನಿಮಿಷವಾದರೂ ಬೇಕು. ಆ ಹುಡುಗಿಯ ಕಮಾನಿಗೆ ನಾನು ಹಚ್ಚಿಕೊಟ್ಟೆ. ಅವಳು ಎರಡನೆಯ ತಂತಿಯ ಮೇಲೆ ಒಂದು ಎಳೆತ ಎಳೆದಳು. "ಅಪ್ಪಾ, ಬಂತು!" ಅಂದಳು. ಆ ಮುಖ ನನಗಿನ್ನೂ ಕಣ್ಣಮುಂದಿದೆ.

ಇದು ಸುಲಭಕ್ಕೆ ಬಗೆಹರಿದ ಸಂಗತಿ. ಬಗೆಹರಿಯದೆ ಉಳಿದದ್ದೂ ಒಂದಿದೆ, ಅದು ನನ್ನದೇ. ಬಳ್ಳಾರಿಯಲ್ಲಿ ನನಗೆ ಹನ್ನೊಂದು ವರ್ಷ ಇದ್ದಾಗ ಅಪ್ಪ ಒಂದು ಹಳೆಯ ಪಿಟೀಲು ತಂದುಕೊಟ್ಟರು. ಪಾಠಕ್ಕೆ ಹೋದೆ. ಎಂಟು ತಿಂಗಳು ಹೋದೆ. ಮೇಲಿನ ಪಂಚಮದ ತಂತಿ, ಅಂದರೆ ಎಲ್ಲಕ್ಕಿಂತ ಸಣ್ಣದು, ಒತ್ತಿದರೆ ಬೆರಳು ಕೊಯ್ದ ಹಾಗಾಗುತ್ತಿತ್ತು. ಒತ್ತಿದ ಸ್ವರವೂ ಏರಿಯೇ ಬರುತ್ತಿತ್ತು. ಪಾಠ ಹೇಳುವವರು ಅಪ್ಪನನ್ನು ಕರೆದು, "ಹುಡುಗನಿಗೆ ಕಿವಿ ಇಲ್ಲ, ಸುಮ್ನೆ ದುಡ್ಡು ಹಾಳು" ಅಂದರು. ನಾನು ಬಿಟ್ಟೆ. ನಾಲ್ಕು ವರ್ಷ ಆ ಪೆಟ್ಟಿಗೆ ಅಟ್ಟದ ಮೇಲಿತ್ತು. ಆಮೇಲೆ ನಮ್ಮ ಓಣಿಗೆ ಬಂದಿದ್ದ ಒಬ್ಬ ವಯಸ್ಸಾದ ವಾದ್ಯಗಾರರು ಅದನ್ನು ಇಳಿಸಿ ನೋಡಿದರು. "ತಮ್ಮಾ, ಕುದುರೆ ತಿರುವುಮುರುವು ಕೂತೈತಲ್ಲೋ" ಅಂದರು. ಕುದುರೆ ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು. ಅದರ ಎತ್ತರದ ಕಡೆ ಸಣ್ಣ ತಂತಿಯ ಕೆಳಗಿತ್ತು, ತಗ್ಗಿನ ಕಡೆ ದಪ್ಪ ತಂತಿಯ ಕೆಳಗೆ. ಹೊರಳಿಸಿ ನಿಲ್ಲಿಸಲು ಅವರಿಗೆ ಐದು ನಿಮಿಷ ಹಿಡಿಯಿತು. ನನ್ನ ನಾಲ್ಕು ವರ್ಷ ಹೋಗಿತ್ತು.

ಅದಕ್ಕೇ ಇಲ್ಲಿರುವ ಅಪ್ಪ ಅಮ್ಮಂದಿರಲ್ಲಿ ಕೈಮುಗಿದು ಕೇಳುತ್ತೇನೆ. ಮಗುವಿನ ಕಿವಿಯನ್ನೋ ಕೈಯನ್ನೋ ಬೈಯುವ ಮೊದಲು ವಾದ್ಯ ನೋಡಿ. ಅಗ್ಗದ ಪಿಟೀಲು ಕೆಟ್ಟ ಪಿಟೀಲು ಅಲ್ಲ. ಕಾರ್ಖಾನೆಯಲ್ಲಿ ಅರ್ಧ ಕೆಲಸ ಮಾಡಿ ಕಳಿಸಿರುತ್ತಾರೆ, ಉಳಿದ ಅರ್ಧ ನಾವು ಮಾಡಬೇಕು. ಬೆಲೆ ಕಡಿಮೆ ಇರುವುದಕ್ಕೆ ಅದೂ ಒಂದು ಕಾರಣ.

ಈಗ ಕುದುರೆಗೆ ಬರೋಣ. ಅಂಗಡಿಯವರು ಬ್ರಿಡ್ಜ್ ಅಂತಾರೆ, ವೀಣೆ ತಂಬೂರಿಯವರ ಬಾಯಲ್ಲಿ ಅದು ಕುದುರೆ. ತಂತಿಗಳು ಅದರ ಮೇಲೇ ಸವಾರಿ ಮಾಡುತ್ತವೆ, ಹೆಸರು ಸರಿಯಾಗಿಯೇ ಇದೆ. ಪಾರ್ಸೆಲ್‌ನಲ್ಲಿ ಬಂದ ಪಿಟೀಲಿನಲ್ಲಿ ಅದು ಎಷ್ಟೋ ಸಲ ಮಲಗಿರುತ್ತದೆ, ಇಲ್ಲವೇ ಬೇರೆ ಸುತ್ತಿ ಇಟ್ಟಿರುತ್ತಾರೆ. ಮುರಿದಿದೆ ಅಂತ ಹೆದರಬೇಡಿ. ಅದಕ್ಕೆ ಅಂಟು ಹಾಕೋದಿಲ್ಲ. ತಂತಿಗಳ ಒತ್ತಡವೇ ಅದನ್ನು ಹಿಡಿದು ನಿಲ್ಲಿಸಬೇಕು. ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಫೆವಿಕಾಲ್ ಹಾಕಿ ಕೂರಿಸಿದ್ದರು. ಅದನ್ನು ಬಿಡಿಸುವಾಗ ಹೊಟ್ಟೆಯ ಹಲಗೆಯ ಬಣ್ಣವೂ ಕಿತ್ತು ಬಂತು.

ಪಿಟೀಲಿನ ಹೊಟ್ಟೆಯ ಮೇಲೆ ಎರಡು ಉದ್ದನೆಯ ಕಂಡಿಗಳಿವೆ. ಪ್ರತಿ ಕಂಡಿಯ ನಡುವೆ ಚಿಕ್ಕ ಗೀರು ಕಾಣುತ್ತದೆ. ಒಳಬದಿಯ ಆ ಎರಡು ಗೀರುಗಳ ನೇರಕ್ಕೆ ಕುದುರೆ ನಿಲ್ಲಬೇಕು. ತಗ್ಗಿನ ಕಡೆ ಸಣ್ಣ ತಂತಿಗೆ, ಎತ್ತರದ ಕಡೆ ದಪ್ಪ ತಂತಿಗೆ. ಇದೊಂದನ್ನು ಮಾತ್ರ ಮರೆಯಬೇಡಿ. ತಂತಿಗಳ ಕೆಳತುದಿ ಕಟ್ಟಿರುವ ಬಾಲದ ಹಲಗೆಯ ಕಡೆಗಿರುವ ಕುದುರೆಯ ಮುಖ ಹೊಟ್ಟೆಗೆ ನೆಟ್ಟಗೆ ನಿಂತಿರಬೇಕು. ನೋಡಲು ಮೂಲೆಮಟ್ಟ ಬೇಕಿಲ್ಲ, ಮನೆಯಲ್ಲಿರುವ ಮದುವೆ ಕಾರ್ಡಿನ ಮೂಲೆ ಹಿಡಿದು ನೋಡಿ, ಸಾಕು. ಆಮೇಲೆ ಕಾಲಿನ ಕೆಳಗೆ ತೆಳು ಕಾಗದ ತೂರಿಸಿ ನೋಡಿ. ತೂರಿದರೆ ಕಾಲು ಕೂತಿಲ್ಲ ಅಂತ ಅರ್ಥ. ಹೊಟ್ಟೆ ಉಬ್ಬಿದೆ, ಕಾರ್ಖಾನೆಯ ಕುದುರೆಯ ಪಾದ ಚಪ್ಪಟೆ ಇದೆ, ಕೂರುವುದಾದರೂ ಹೇಗೆ? ಕುದುರೆ ನಿಲ್ಲುವ ಜಾಗದಲ್ಲಿ ಸ್ಯಾಂಡ್‌ಪೇಪರನ್ನು ಒರಟು ಬದಿ ಮೇಲೆ ಮಾಡಿ ಬಿಗಿಯಾಗಿ ಹಿಡಿದು, ಅದರ ಮೇಲೆ ಕುದುರೆಯನ್ನು ನೆಟ್ಟಗೇ ಹಿಡಿದು ತಿಕ್ಕಬೇಕು. ಹೊಟ್ಟೆಯ ಉಬ್ಬು ಪಾದಕ್ಕೆ ತಾನೇ ಇಳಿಯುತ್ತದೆ. ನಿನ್ನೆ ನನಗೆ ಇದಕ್ಕೇ ಮುಕ್ಕಾಲು ತಾಸು ಹಿಡಿಯಿತು. ನಾದದಲ್ಲಿ ಅತಿ ದೊಡ್ಡ ಬದಲಾವಣೆ ಬಂದದ್ದೂ ಇದರಿಂದಲೇ.

ಇನ್ನು ಎತ್ತರ. ಮಗುವಿನ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ತೆಗೆದುಕೊಳ್ಳಿ. ಬೆರಳಿಡುವ ಕಪ್ಪು ಹಲಗೆ ಕುದುರೆಯ ಕಡೆ ಎಲ್ಲಿ ಮುಗಿಯುತ್ತದೋ ಅಲ್ಲಿ ಹಲಗೆಯಿಂದ ತಂತಿಗೆ ಎಷ್ಟು ಅಂತರ ಇದೆ ಅಳೆಯಿರಿ. ದೊಡ್ಡ ಅಳತೆಯ ಪಿಟೀಲಿನಲ್ಲಿ ಸಣ್ಣ ತಂತಿಗೆ 3.5 ಮಿಲಿಮೀಟರ್, ದಪ್ಪ ತಂತಿಗೆ 5ರಿಂದ 5.5 ಇದ್ದರೆ ಚೆನ್ನ. ಈ ಮೇಜಿನ ಮೇಲಿನ ಮೊದಲ ಪಿಟೀಲಿನಲ್ಲಿ ಅದು 5.5 ಮತ್ತು 8 ಇದೆ. ಮಗು ಜಾಸ್ತಿ ಬಲ ಹಾಕಿ ಒತ್ತುತ್ತದೆ. ಅಷ್ಟು ಕೆಳಗೆ ಎಳೆದಾಗ ತಂತಿ ಬಿಗಿಯಾಗಿ ಸ್ವರ ಏರುತ್ತದೆ. ನಾವು ಅಪಸ್ವರ ಅಂತ ಬೈಯುತ್ತೇವೆ. ಸ್ವರವನ್ನು ತೂಗಿ ಗಮಕ ಎಳೆಯುವ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರು ಕೊಡುವ ನಮ್ಮ ಸಂಗೀತಕ್ಕಂತೂ ತಂತಿ ಬೆರಳಿಗೆ ಸಮೀಪವೇ ಇರಬೇಕು.

ತಗ್ಗಿಸುವುದು ಮೇಲಿನ ಅಂಚಿನಿಂದ. ಈಗಿರುವ ಬಾಗನ್ನು ಪೆನ್ಸಿಲ್‌ನಿಂದ ಕೆಳಗೆ ಗುರುತು ಮಾಡಿಕೊಂಡು ಅಷ್ಟನ್ನೇ ತಿಕ್ಕಿ. ಬಾಗು ಚಪ್ಪಟೆಯಾದರೆ ಒಂದು ತಂತಿ ಎಳೆಯಲು ಹೋಗಿ ಎರಡು ನುಡಿಯುತ್ತವೆ. ಒಂದೇ ಸಲಕ್ಕೆ ಜಾಸ್ತಿ ತೆಗೆಯಬೇಡಿ, ತೆಗೆದದ್ದು ಮತ್ತೆ ಬರೋದಿಲ್ಲ. ತಂತಿ ಕೂರುವ ಗೆರೆ ಆಳ ಬೇಡ, ತಂತಿಯ ಅರ್ಧದಷ್ಟು ದಪ್ಪ ಕೂತರೆ ಸಾಕು. ಆ ಗೆರೆಗೆ ಪೆನ್ಸಿಲ್ ಮೊನೆ ಎರಡು ಸಲ ಎಳೆಯಿರಿ. ಪೆನ್ಸಿಲ್‌ನ ಗ್ರಾಫೈಟ್ ಪುಡಿಯ ಮೇಲೆ ತಂತಿ ಸಲೀಸಾಗಿ ಜಾರುತ್ತದೆ, ಶ್ರುತಿ ಏರಿಸುವಾಗ ಕುದುರೆಯನ್ನು ಎಳೆದುಕೊಂಡು ಹೋಗೋದಿಲ್ಲ. ತಂತಿ ಬಿಗಿಯುವ ಬಿರಡೆಗಳ ಹತ್ತಿರ ತಂತಿ ದಾಟುವ ಚಿಕ್ಕ ಮೆಟ್ಟಿಲಿಗೂ ಹೀಗೇ ಮಾಡಿ. ಅಲ್ಲಿ ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇದ್ದರೆ ಸಾಕು.

ಕೈ ನಡುಗುವವರು ಇದನ್ನು ಮಾಡಬೇಡಿ. ಓಣಿಯ ಬಡಿಗೇರರಿಗೆ ಅಳತೆ ಬರೆದುಕೊಡಿ, ಪಕ್ಕದಲ್ಲಿ ನಿಂತು ಮಾಡಿಸಿ. ಮರ ಗೊತ್ತಿರುವ ಕೈಗಳು ನಮ್ಮ ಸೀಮೆಯಲ್ಲಿ ಕಡಿಮೆ ಇಲ್ಲ. ಇಲ್ಲೇ ಪಕ್ಕದ ಕಿನ್ನಾಳದಲ್ಲಿ ಹಗುರ ಮರದ ಗೊಂಬೆ ಮಾಡುವವರನ್ನು ನೋಡಿದ್ದೀರಿ. ಅವರ ಕೆಲಸದಲ್ಲಿ ಹುಣಸೆ ಬೀಜದ ಅಂಟು ಬಳಕೆಯಲ್ಲಿದೆ. ಪಿಟೀಲು ಮಾಡುವವರು ಹಿಂದಿನಿಂದ ಬಳಸುವುದು ಪ್ರಾಣಿಯ ಚರ್ಮದಿಂದ ತೆಗೆದ ಅಂಟು. ಬಿಸಿ ಮತ್ತು ನೀರು ತಾಗಿದರೆ ಅದು ಬಿಟ್ಟುಕೊಡುತ್ತದೆ. ಅದು ದೋಷವಲ್ಲ. ಮುಂದೆ ರಿಪೇರಿಗೆ ಹೊಟ್ಟೆ ಬಿಚ್ಚಬೇಕಾದಾಗ ಮರ ಸೀಳಬಾರದು, ಅಂಟು ಬಿಡಬೇಕು ಅಂತಲೇ ಅದನ್ನು ಬಳಸುವುದು. ನಮ್ಮ ಮೇ ತಿಂಗಳಲ್ಲಿ ಇದು ನೆನಪಿರಲಿ. ಬಳ್ಳಾರಿ, ರಾಯಚೂರು, ಕೊಪ್ಪಳ ಎಲ್ಲಾ ಕಡೆ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಇನ್ನೂ ಜಾಸ್ತಿ. ಅಲ್ಲಿ ಪಿಟೀಲು ಬಿಟ್ಟರೆ ಅಂಚಿನ ಜೋಡಣೆ ಬಾಯಿ ಬಿಡುತ್ತದೆ. ಬೆರಳ ಗೆಣ್ಣಿನಿಂದ ಅಂಚಿನ ಸುತ್ತ ಮೆಲ್ಲಗೆ ತಟ್ಟಿ ನೋಡಿ, ಬಿಟ್ಟ ಜಾಗದಲ್ಲಿ ಸದ್ದು ಸಡಿಲವಾಗಿ ಬರುತ್ತದೆ.

ಒಳಗೆ ಒಂದು ಚಿಕ್ಕ ಕಂಬ ಇದೆ. ಫೋನಿನ ಟಾರ್ಚ್ ಹಾಕಿ ಕಂಡಿಯೊಳಗೆ ನೋಡಿ, ಪೆನ್ಸಿಲ್ ದಪ್ಪದ ಕಡ್ಡಿ ನೆಟ್ಟಗೆ ನಿಂತಿರುತ್ತದೆ. ಸಣ್ಣ ತಂತಿಯ ಕಡೆಯ ಕುದುರೆ ಕಾಲಿನ ಸ್ವಲ್ಪ ಹಿಂದೆ ಅದರ ಜಾಗ. ಹೊಟ್ಟೆಯ ಕಂಪನ ಬೆನ್ನಿಗೆ ಮುಟ್ಟುವುದು ಅದರ ಮೂಲಕ. ಫ್ರೆಂಚರು ಅದಕ್ಕೆ ಆತ್ಮ ಅಂತಲೇ ಹೆಸರಿಟ್ಟಿದ್ದಾರೆ. ಅದಕ್ಕೂ ಅಂಟಿಲ್ಲ, ಒತ್ತಡದಲ್ಲಿ ನಿಂತಿದೆ. ಅದಕ್ಕೇ ನಾಲ್ಕೂ ತಂತಿಗಳನ್ನು ಒಟ್ಟಿಗೆ ಬಿಚ್ಚಬೇಡಿ ಅನ್ನೋದು. ಒಂದು ಬಿಚ್ಚಿ, ಹೊಸದು ಹಾಕಿ, ಆಮೇಲೆ ಮುಂದಿನದು. ಅಲ್ಲಾಡಿಸಿದಾಗ ಒಳಗೆ ಕಡ್ಡಿ ಉರುಳಿದ ಸದ್ದು ಬಂದರೆ ತಂತಿ ಸಡಿಲಿಸಿ ರಿಪೇರಿ ಗೊತ್ತಿರುವವರ ಹತ್ತಿರ ಒಯ್ಯಿರಿ. ಮನೆಯಲ್ಲಿ ಕೈ ಹಾಕಬೇಡಿ.

ಬಿರಡೆಗಳು. ಮಕ್ಕಳು ಅಳುವುದು ಜಾಸ್ತಿ ಇವುಗಳಿಂದಲೇ. ಬಿರಡೆಯಲ್ಲಿ ಹಲ್ಲಿಲ್ಲ, ಸ್ಕ್ರೂ ಇಲ್ಲ. ಒಂದು ತುದಿ ಸಣ್ಣದಾದ ಮರದ ಗೂಟ, ಅದೇ ಆಕಾರದ ತೂತು, ಅಷ್ಟೇ. ಮರಕ್ಕೆ ಮರ ಒತ್ತಿ ನಿಲ್ಲಬೇಕು. ಬೇಸಿಗೆಯಲ್ಲಿ ನಮ್ಮ ಒಣ ಗಾಳಿಗೆ ಮರ ಕುಗ್ಗಿ ಬಿರಡೆ ಜಾರುತ್ತದೆ. ಬೆಳಿಗ್ಗೆ ಪೆಟ್ಟಿಗೆ ತೆರೆದರೆ ನಾಲ್ಕೂ ತಂತಿ ಸಡಿಲ. ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ. ಜಾರಿದರೆ ಬಿರಡೆ ತೆಗೆದು ಚಾಕ್‌ಪೀಸು ಸವರಿ. ಕಚ್ಚಿದರೆ ಒಣ ಸಾಬೂನಿನ ತುಣುಕು ಸವರಿ. ಎರಡೂ ಸ್ವಲ್ಪವೇ. ಎಣ್ಣೆ ಮಾತ್ರ ಬೇಡ.

ತಂತಿ ಸುತ್ತುವುದರಲ್ಲೂ ಒಂದು ಹದ ಇದೆ. ತಂತಿ ಬಿರಡೆಯ ಮೇಲಿನಿಂದ ಸುತ್ತಬೇಕು. ಸುತ್ತುಗಳು ಒಂದರ ಪಕ್ಕ ಒಂದು ಸಾಲಾಗಿ ಬಿರಡೆಯ ಹಿಡಿಯ ಕಡೆಗೆ ಹೋಗಬೇಕು. ಆಗ ತಂತಿಯೇ ಬಿರಡೆಯನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಎಷ್ಟೋ ಪಿಟೀಲುಗಳಲ್ಲಿ ಅಡ್ಡಾದಿಡ್ಡಿ ಸುತ್ತಿ ಕಳಿಸಿರುತ್ತಾರೆ, ಬಿರಡೆ ಜಾರದೆ ಇನ್ನೇನು ಮಾಡೀತು? ತಿರುಗಿಸುವಾಗ ಸುಮ್ನೆ ತಿರುಗಿಸಬೇಡಿ. ತಲೆಯ ಆ ಬದಿಗೆ ಇನ್ನೊಂದು ಕೈ ಆನಿಸಿ ಬಿರಡೆಯನ್ನು ಒಳಕ್ಕೆ ಒತ್ತುತ್ತಾ ತಿರುಗಿಸಿ. ಮೊದಲು ಸ್ವಲ್ಪ ಇಳಿಸಿ, ಆಮೇಲೆ ಏರಿಸಿ. ಒಮ್ಮೆಲೇ ಏರಿಸಿದರೆ ಸಣ್ಣ ತಂತಿ ಪಟ್ ಅಂತ ಹರಿಯುತ್ತದೆ. ಆಗ ಮುಖ ಹತ್ತಿರ ಇರಬಾರದು.

ಈಗ ಶ್ರುತಿ. ಅದಕ್ಕೆ ಮೊದಲು ಒಂದು ಹಳೆಯ ಮಾತು. ಈ ವಾದ್ಯ ನಮ್ಮದಲ್ಲ, ಯುರೋಪಿನಿಂದ ಬಂದದ್ದು. ಫಿಡಲ್ ಅನ್ನೋದೇ ನಮ್ಮ ಬಾಯಲ್ಲಿ ಪಿಟೀಲು ಆಯಿತು. ಕೃತಿಕಾರ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1858) ಅದನ್ನು ಕಲಿತು ಕರ್ನಾಟಕ ಸಂಗೀತಕ್ಕೆ ತಂದವರು. ಮರದ ಮೈ ಹಾಗೇ ಉಳಿಯಿತು. ಕೂರುವ ರೀತಿ ಬದಲಾಯಿತು, ವಾದ್ಯದ ತಲೆ ನುಡಿಸುವವರ ಬಲಪಾದಕ್ಕೆ ಬಂತು. ಶ್ರುತಿಯೂ ಬದಲಾಯಿತು. ಮೈಸೂರಿನ ಟಿ. ಚೌಡಯ್ಯನವರು ಇನ್ನೂ ಮುಂದೆ ಹೋಗಿ ಏಳು ತಂತಿ ಕಟ್ಟಿ ನುಡಿಸಿದರು. ಮೈಕ್ ಇಲ್ಲದ ಸಭೆಯಲ್ಲಿ ಕೊನೆಯ ಸಾಲಿಗೂ ನಾದ ಮುಟ್ಟಬೇಕಿತ್ತು. ವಾದ್ಯವನ್ನು ನಮಗೆ ಬೇಕಾದ ಹಾಗೆ ಹೊಂದಿಸಿಕೊಳ್ಳುವುದು ಇವತ್ತಿನ ಅಭ್ಯಾಸವಲ್ಲ.

ಪೆಟ್ಟಿಗೆಯ ಜೊತೆ ಬರುವ ಚೀಟಿಯಲ್ಲಿ ದಪ್ಪ ತಂತಿಯಿಂದ ಜಿ, ಡಿ, ಎ, ಇ ಅಂತ ಇರುತ್ತದೆ. ಅದು ಪಾಶ್ಚಾತ್ಯ ಶ್ರುತಿ. ಕರ್ನಾಟಕ ಸಂಗೀತದಲ್ಲಿ ದಪ್ಪದಿಂದ ಸಣ್ಣಕ್ಕೆ ಸ, ಪ, ಸ, ಪ. ಸ ಅಂದರೆ ಷಡ್ಜ, ಪ ಅಂದರೆ ಪಂಚಮ. ಹಿಂದೂಸ್ತಾನಿಯಲ್ಲಿ ಪ, ಸ, ಪ, ಸ ಇಡುವವರೂ ಇದ್ದಾರೆ. ನಮ್ಮ ಜಿಲ್ಲೆಗಳು ಎರಡೂ ಪದ್ಧತಿ ಕೂಡುವ ಗಡಿ, ನಿಮ್ಮ ಗುರುಗಳು ಹೇಳಿದ್ದೇ ನಿಮಗೆ ಶ್ರುತಿ. ಶುರುವಿನ ಮಕ್ಕಳಿಗೆ ನಾನು ಐದು ಮನೆ ಇಡುತ್ತೇನೆ, ಅಂದರೆ ಜಿ ಸ್ವರವೇ ಷಡ್ಜ. ಹಾರ್ಮೋನಿಯಂನವರು ಬಿಳಿ ಐದು ಅಂತಾರೆ. ಯಾಕೆ ಅಂದರೆ ಐದು ಮನೆಗೆ ಸ, ಪ, ಸ, ಪ ಅಂದರೆ ಜಿ, ಡಿ, ಜಿ, ಡಿ. ದಪ್ಪ ಎರಡು ತಂತಿ ಚೀಟಿಯಲ್ಲಿದ್ದ ಜಾಗದಲ್ಲೇ ಉಳಿಯುತ್ತವೆ. ಸಣ್ಣ ಎರಡು ಮಾತ್ರ ಒಂದೊಂದು ಸ್ವರ ಇಳಿಯುತ್ತವೆ. ಸಣ್ಣ ಕಡೆಯಿಂದ ಎರಡನೆಯ ತಂತಿ ಸೆಕೆಂಡಿಗೆ 440 ಕಂಪನದಿಂದ 392ಕ್ಕೆ ಬಂದರೆ ಅದರ ಬಿಗಿತ ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಎಳೆಯ ಬೆರಳಿಗೂ ಒಳ್ಳೆಯದು, ಅಗ್ಗದ ವಾದ್ಯಕ್ಕೂ ಒಳ್ಳೆಯದು. ತೀರಾ ಕೆಳಗಿನ ಶ್ರುತಿಗೆ ಇಳಿಸಿದರೆ ಈ ಉಕ್ಕಿನ ತಂತಿಗಳು ಸೊರಗಿ ಕಮಾನಿನ ಕೆಳಗೆ ಗರಗರ ಅನ್ನುತ್ತವೆ.

ಫೋನಿನಲ್ಲಿ ಟ್ಯೂನರ್ ಇದೆಯಲ್ಲ ಅಂತ ಕೇಳುತ್ತೀರಿ. ಇದೆ, ಬಳಸಿ. ಆದರೆ ಎರಡನೆಯ ತಂತಿಯ ಷಡ್ಜಕ್ಕೆ ಮಾತ್ರ ಬಳಸಿ. ಉಳಿದದ್ದನ್ನು ಕಿವಿಗೆ ಬಿಡಿ. ದಪ್ಪ ತಂತಿಯ ಷಡ್ಜ ಸೆಕೆಂಡಿಗೆ 196 ಕಂಪನ. ಶುದ್ಧ ಪಂಚಮ ಅದರ ಒಂದೂವರೆ ಪಟ್ಟು, 294. ಟ್ಯೂನರ್ ತೋರಿಸುವ ಡಿ 293.66. ಹಾರ್ಮೋನಿಯಂ, ಕೀಬೋರ್ಡ್‌ಗೆ ಹೊಂದುವ ಲೆಕ್ಕ ಅದು. ಅಂತರ ಕೂದಲೆಳೆಯಷ್ಟೇ, ಆದರೆ ತಂಬೂರಿಯ ಮುಂದೆ ಕಿವಿಗೆ ಸಿಗುತ್ತದೆ.

ಈಗ ಕೇಳಿ. ಷಡ್ಜ, ಪಂಚಮ ಎರಡೂ ತಂತಿಗಳನ್ನು ಒಟ್ಟಿಗೆ ಎಳೆಯುತ್ತೇನೆ. ವೊಂವ್, ವೊಂವ್, ವೊಂವ್ ಅಂತ ಒಂದು ಅಲೆ ಬರುತ್ತಿದೆ, ಅಲ್ವಾ? ಪಂಚಮ ಇನ್ನೂ ಕೂತಿಲ್ಲ. ಬಿರಡೆ ಸ್ವಲ್ಪ ಏರಿಸುತ್ತೇನೆ. ಅಲೆ ನಿಧಾನ ಆಯಿತು. ಇನ್ನೂ ನಿಧಾನ. ನಿಂತಿತು. ಈಗ ಎರಡು ತಂತಿ ಅನಿಸುತ್ತಿಲ್ಲ, ಒಂದೇ ನಾದ. ಪಿಟೀಲಿನ ಮೈ ನನ್ನ ಎದೆಗೆ ತಾಗಿ ನಡುಗುವುದು ಗೊತ್ತಾಗುತ್ತಿದೆ. ಮಕ್ಕಳಿಗೆ ದಿನಾ ಪಾಠಕ್ಕೆ ಮೊದಲು ಐದು ನಿಮಿಷ ಇದನ್ನೇ ಮಾಡಿಸಿ. ಅವರು ತಪ್ಪು ಮಾಡಲಿ, ಏರಿಸಲಿ, ಇಳಿಸಲಿ. ಗದಗ ನಮಗೆ ದೂರವಲ್ಲ. ಅಲ್ಲಿ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಎಷ್ಟೋ ಮಕ್ಕಳು ವಾದ್ಯ ಕಲಿತಿದ್ದಾರೆ. ಪುಟ್ಟರಾಜ ಗವಾಯಿಗಳು ಸ್ವತಃ ಕಣ್ಣು ಕಾಣದವರು, ಪಿಟೀಲೂ ಸೇರಿ ಹಲವು ವಾದ್ಯ ನುಡಿಸಿದವರು. ಅವರ ಮುಂದೆ ಯಾವ ಪರದೆಯ ಮುಳ್ಳೂ ಇರಲಿಲ್ಲ. ಕಿವಿ ಇತ್ತು, ಬೆರಳಿತ್ತು.

ಬಾಲದ ಹಲಗೆಯ ಮೇಲಿನ ಚಿಕ್ಕ ಸ್ಕ್ರೂಗಳು ಕೊನೆಯ ಕೂದಲೆಳೆ ಸರಿಪಡಿಸಲು. ನಾಲ್ಕಕ್ಕೂ ಇದ್ದರೆ ಮಕ್ಕಳಿಗೆ ಅನುಕೂಲ. ಸ್ಕ್ರೂ ಪೂರ್ತಿ ಒಳಗೆ ಹೋಗಿದ್ದರೆ ಬಿಚ್ಚಿ ನಡುವಿಗೆ ತಂದು, ಮತ್ತೆ ಬಿರಡೆಯಿಂದ ಏರಿಸಿ. ಇಲ್ಲದಿದ್ದರೆ ಅದರ ಕೆಳಗಿನ ಕಬ್ಬಿಣ ಹೊಟ್ಟೆಯ ಹಲಗೆಯನ್ನು ಕೆರೆಯುತ್ತದೆ. ನಾಲ್ಕೂ ತಂತಿ ಏರಿಸಿದ ಮೇಲೆ ಕುದುರೆಯನ್ನು ಮತ್ತೊಮ್ಮೆ ನೋಡಿ. ಏರಿಸಿದಷ್ಟೂ ಅದರ ತಲೆ ಬಿರಡೆಯ ಕಡೆ ವಾಲುತ್ತದೆ. ಎರಡೂ ಕೈಯ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಮೆಲ್ಲಗೆ ಹಿಂದಕ್ಕೆ ತನ್ನಿ. ಹಾಗೇ ಬಿಟ್ಟರೆ ಒಂದು ದಿನ ಅದು ಠಪ್ ಅಂತ ಬೀಳುತ್ತದೆ, ಇಲ್ಲವೇ ಬಿಲ್ಲಿನ ಹಾಗೆ ಬಾಗಿಬಿಡುತ್ತದೆ.

ದುಡ್ಡು ಹಾಕುವುದಾದರೆ ಮೊದಲು ತಂತಿಗೆ ಹಾಕಿ. ಜೊತೆಗೆ ಬಂದ ತಂತಿ ಬದಲಿಸಿದರೆ ಅದೇ ಪಿಟೀಲು ಬೇರೆ ಪಿಟೀಲಾಗುತ್ತದೆ. ಹೊಸ ತಂತಿ ನಾಲ್ಕೈದು ದಿನ ಹಿಗ್ಗುತ್ತಲೇ ಇರುತ್ತದೆ, ಮತ್ತೆ ಮತ್ತೆ ಇಳಿಯುತ್ತದೆ. ಅದು ಬಿರಡೆಯ ತಪ್ಪಲ್ಲ. ಜಾರು ಚೆನ್ನಾಗಿ ಬರಲಿ ಅಂತ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ನಮ್ಮಲ್ಲಿದೆ. ಆ ಬೆರಳು ಕಮಾನಿನ ಕೂದಲಿಗೆ ತಾಗಬಾರದು, ತಾಗಿದ ಜಾಗದಲ್ಲಿ ರೋಸಿನ್ ಹಿಡಿಯೋದಿಲ್ಲ. ನುಡಿಸಿದ ಮೇಲೆ ಕಮಾನು ಸಡಿಲಿಸಿ ಇಡಿ. ಒಣ ಹವೆಗೆ ಕೂದಲು ಕುಗ್ಗುತ್ತದೆ, ಬಿಗಿದು ಇಟ್ಟ ಕಮಾನಿನ ಕೋಲು ಸೊಟ್ಟಗಾಗುತ್ತದೆ.

ಮಾತು ಇಷ್ಟು ಸಾಕು. ಎಲ್ಲರೂ ಪೆಟ್ಟಿಗೆ ತೆರೆಯಿರಿ. ನಾನು ಮತ್ತು ನನ್ನ ಇಬ್ಬರು ಶಿಷ್ಯರು ಸ್ಕೇಲು, ಸ್ಯಾಂಡ್‌ಪೇಪರು, ಚಾಕ್‌ಪೀಸು ಹಿಡಿದು ಸಾಲು ಸಾಲಾಗಿ ಬರುತ್ತೇವೆ. ತಂಗೀ, ಎರಡನೆಯ ಸಾಲಿನಲ್ಲಿ ಕೂತಿದ್ದೀಯಲ್ಲ, ನಿನ್ನ ಕುದುರೆ ಮುಂದಕ್ಕೆ ವಾಲಿದ್ದು ಇಲ್ಲಿಂದಲೇ ಕಾಣುತ್ತಿದೆ. ಮೊದಲು ನಿನ್ನದೇ ನೋಡೋಣ, ತಗೊಂಡು ಬಾ.